ಕೈಮಾತಿನ ಮನೆ

ಆ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಬಾಯಿಗೆ ತಿನ್ನುವುದು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ. ಅಳಿಯ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವನು. ಬೀದಿ ಕಣ್ಣು ಬಿಡುವ ಮೊದಲೇ ಹೋಗಿ, ಬಿಸಿಲೇರಿದ ಮೇಲೆ ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡು ಬಂದು ಮಲಗಿದನೆಂದರೆ ಸಂಜೆಯವರೆಗೆ ಅವನಿಗೆ ಅದೇ ರಾತ್ರಿ. ಮಗಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಅವಳು ಮನೆ ಸೇರುವಾಗ ಬೀದಿದೀಪ ಹತ್ತಿರುತ್ತಿತ್ತು. ಅಜ್ಜನಿಗೆ ಕಿವಿ ಪೂರಾ ಮಂದ. ಉಳಿದವರು ಅಜ್ಜಿ ಮತ್ತು ನಾಲ್ಕು ವರ್ಷದ ಮೊಮ್ಮಗಳು. ಮಲಗಿದವನನ್ನು ಎಬ್ಬಿಸುವಂತಿಲ್ಲ, ಕಿವಿ ಕೇಳದವನ ಮುಂದೆ ಕಿರುಚಿ ಪ್ರಯೋಜನವಿಲ್ಲ. ಹಾಗಾಗಿ ಅಜ್ಜಿ ಕೈಯಲ್ಲೇ ಸಂಸಾರ ಸಾಗಿಸುತ್ತಿದ್ದಳು.

ಅದು ಅವಳಿಗೆ ಹೊಸತಲ್ಲ. ಅಜ್ಜ ಅಜ್ಜಿ ಇಬ್ಬರೂ ಹರೆಯವನ್ನೆಲ್ಲ ಪವರ್‌ಲೂಮ್ ಶೆಡ್ಡಿನಲ್ಲಿ ಕಳೆದವರು. ಸಾಲುಸಾಲು ಮಗ್ಗಗಳು ಒಟ್ಟಿಗೆ ಓಡುವಾಗ ಪಕ್ಕದವಳು ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುತ್ತಿರಲಿಲ್ಲ. ಅಲ್ಲಿನವರೆಲ್ಲ ಸೇರಿ ಕೈಯಲ್ಲೇ ಒಂದು ಮಾತು ಕಟ್ಟಿಕೊಂಡಿದ್ದರು. ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿದರೆ ಎಳೆ ಹರಿದಿದೆ ಎಂದು. ಮೂಗಿನ ಕೆಳಗೆ ಬೆರಳು ಎಳೆದರೆ ಮೀಸೆ ಮೇಸ್ತ್ರಿ ಬರುತ್ತಿದ್ದಾನೆ, ಹುಷಾರು ಎಂದು. ಹೆಬ್ಬೆರಳು ತುಟಿಗಿಟ್ಟರೆ ಚಹಾ. ಯಾರ ಗಂಡ ಕುಡಿದು ಬಂದ, ಯಾರ ಸೊಸೆ ಮುನಿಸಿಕೊಂಡು ಹೋದಳು, ಯಾರಿಗೆ ಈ ಸಲ ಹೊಟ್ಟೆನೋವು ಜಾಸ್ತಿ, ಎಲ್ಲವೂ ಒಂದು ಮಗ್ಗದಿಂದ ಇನ್ನೊಂದಕ್ಕೆ ಬೆರಳ ತುದಿಯಲ್ಲಿ ದಾಟುತ್ತಿತ್ತು. ಅಜ್ಜ ಅಜ್ಜಿಯನ್ನು ಮದುವೆಗೆ ಕೇಳಿದ್ದೂ ಹಾಗೆಯೇ, ಆಚೆ ಸಾಲಿನಿಂದ, ಎದೆ ಮುಟ್ಟಿಕೊಂಡು ಅವಳತ್ತ ಕೈ ತೋರಿಸಿ. ಅವಳು, ಮೊದಲು ನಿನ್ನ ಎಳೆ ನೋಡಿಕೋ, ಹರಿದಿದೆ ಎಂದು ಬೆರಳು ಆಡಿಸಿದ್ದಳು. ನಿಜವಾಗಿಯೂ ಹರಿದಿತ್ತು.

ಶೆಡ್ಡು ಮುಚ್ಚಿ, ಮಗ್ಗಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಆ ಮಾತು ಮಾತ್ರ ಇಬ್ಬರ ಕೈಯಲ್ಲಿ ಉಳಿದಿತ್ತು. ಈಗ ಮೊಮ್ಮಗಳ ಕೈಗೂ ಬಂದಿತ್ತು. ಮನೆಯವರೆಲ್ಲ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಚಿಲಿಪಿಲಿ ಎನ್ನದ ಗುಬ್ಬಿ. ನೀರು ಬೇಕು, ಅಜ್ಜನಿಗೆ ಸಿಟ್ಟು ಬಂದಿದೆ, ಪಕ್ಕದ ಮನೆಯ ಬೆಕ್ಕು ಅಡುಗೆಮನೆಗೆ ನುಗ್ಗಿದೆ, ಎಲ್ಲಕ್ಕೂ ಅವಳ ಕೈಯಲ್ಲಿ ಮಾತಿತ್ತು. ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ನೋಡಿ ನೋಡಿ ಬಂದದ್ದು. ಮಗು ಸದ್ದು ಮಾಡುವುದಿಲ್ಲ, ಹೇಳಿದ್ದು ಕೇಳುತ್ತದೆ ಎಂದು ಅಜ್ಜಿಗೆ ಒಳಗೊಳಗೇ ಹೆಮ್ಮೆ.

ಆ ಹೆಮ್ಮೆಗೆ ಪೆಟ್ಟು ಬಿದ್ದದ್ದು ನರ್ಸರಿಯಲ್ಲಿ. ಅಲ್ಲಿನ ಮಿಸ್ಸು ಕರೆಸಿದ್ದಳು. ಮಗಳು ಅರ್ಧ ದಿನ ರಜೆ ಹಾಕಿ ಬಂದಳು. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಅಜ್ಜಿ, ಮಗಳಿಬ್ಬರೂ ಮೊಣಕಾಲು ಎದೆಗೆ ತಗಲುವಂತೆ ಕೂತರು.

"ಕಿವಿ ಚೆನ್ನಾಗಿದೆ, ಬುದ್ಧಿ ಚುರುಕಾಗಿದೆ. ಮಾತೇ ಇಲ್ಲ," ಎಂದಳು ಮಿಸ್ಸು. "ಬೇರೆ ಮಕ್ಕಳು ನನ್ನ ತಲೆ ತಿಂತಾರೆ. ಇವಳದು ಬೇಕು, ಬೇಡ, ಅಜ್ಜಿ, ಅಷ್ಟೇ. ಹೀಗೇ ಆದ್ರೆ ಮುಂದಿನ ಕ್ಲಾಸಿಗೆ ಕಳಿಸೋದು ಕಷ್ಟ. ಇನ್ನೊಂದು ವರ್ಷ ಚಿಕ್ಕವರ ಜೊತೆನೇ ಕೂರಿಸ್ಬೇಕಾಗುತ್ತೆ. ಮನೇಲಿ ಕಥೆ ಪುಸ್ತಕ ಓದಿ ಹೇಳ್ತೀರಾ?"

ಮಗಳು ಅಜ್ಜಿಯ ಮುಖ ನೋಡಿದಳು. ಅಜ್ಜಿ ನೆಲ ನೋಡಿದಳು.

ಅಷ್ಟರಲ್ಲಿ ಕೋಣೆಯ ಆ ತುದಿಯಿಂದ ಗುಬ್ಬಿ ಕೈಯೆತ್ತಿ, ಬಾಯಾರಿಕೆ, ಮನೆಗೆ ಹೋಗೋಣ ಎಂದಳು. ಅಜ್ಜಿ ಅಂಗೈ ಕೆಳಗೆ ಮಾಡಿ ಮೆಲ್ಲಗೆ ಒತ್ತಿದಳು: ತಡಿ, ಇನ್ನೊಂದು ಚೂರು. ಮಗು ತಲೆಯಾಡಿಸಿ ಮತ್ತೆ ಮರದ ತುಂಡುಗಳ ಹತ್ತಿರ ಹೋಯಿತು.

"ಅಜ್ಜಿ, ಈಗ ನೀವಿಬ್ರೂ ಏನು ಮಾಡಿದ್ರಿ?" ಮಿಸ್ಸು ಕೇಳಿದಳು.

"ಏನಿಲ್ಲಮ್ಮ. ನೀರು ಬೇಕಂತೆ. ತಡಿ ಅಂದೆ."

"ಯಾವಾಗ ಅಂದ್ರಿ?"

ಅಜ್ಜಿ ತನ್ನ ಅಂಗೈಯನ್ನೇ ತಿರುಗಿಸಿ ನೋಡಿಕೊಂಡಳು. ಮಗಳು ಹಣೆ ಹಿಡಿದುಕೊಂಡಳು. ಮಿಸ್ಸು ಮಾತ್ರ ಬೈಯಲಿಲ್ಲ. "ಕೈ ತೋರ್ಸೋದು ತಪ್ಪಲ್ಲ ಅಜ್ಜಿ. ಆದ್ರೆ ಈ ಮಗುಗೆ ಬಾಯಿ ತೆಗೆಯೋ ಪ್ರಸಂಗನೇ ಬಂದಿಲ್ಲ ನೋಡಿ," ಎಂದು ಕಪಾಟಿನಿಂದ ಚಿತ್ರದ ಪುಸ್ತಕವೊಂದನ್ನು ತೆಗೆದು ಅವಳ ಮಡಿಲಿಗಿಟ್ಟಳು.

ಅವತ್ತು ಊಟಕ್ಕೆ ಕೂತಾಗ ಮನೆಯಲ್ಲಿ ಸಿಡಿಲು ಸಿಡಿಯಿತು.

"ಎರಡು ವರ್ಷದಿಂದ ಕಿವಿ ತೋರ್ಸು, ನಾಲಿಗೆ ತೋರ್ಸು ಅಂತ ಡಾಕ್ಟರುಗಳ ಹತ್ರ ಅಲೀತಿದೀನಿ," ಮಗಳು ಅನ್ನದ ಪಾತ್ರೆಯನ್ನು ಕುಕ್ಕಿದಳು. "ನೀನಿಲ್ಲಿ ಮನೇಲೇ ಮಗ್ಗ ಹೂಡ್ಕೊಂಡು ಕೂತಿದೀಯಾ!"

"ನಂಗೇನೋ ಒಳ್ಳೆ ನಿದ್ದೆ ಬರ್ತಿತ್ತಪ್ಪ," ಎಂದ ಅಳಿಯ. ಹೆಂಡತಿಯ ಕಣ್ಣು ತನ್ನ ಕಡೆ ತಿರುಗಿದ್ದು ಕಂಡು ತಟ್ಟೆಗೆ ತಲೆ ಬಗ್ಗಿಸಿದ.

"ಬರೋ ತಿಂಗಳಿಂದ ಡೇ ಕೇರ್‌ಗೆ ಹಾಕ್ತೀನಿ. ಬೆಳಿಗ್ಗೆ ಬಿಟ್ರೆ ಸಂಜೆ ಕರ್ಕೊಂಡು ಬರೋದು. ಅಲ್ಲಿ ಮಾತಾಡೋ ಮಕ್ಕಳಿರ್ತಾರೆ," ಎಂದಳು ಮಗಳು.

"ಮನೇಲಿ ನಾನಿದ್ದೂ?" ಅಜ್ಜಿಯ ದನಿ ಸಣ್ಣಗಾಯಿತು.

"ನೀನಿದೀಯ ಅಂತಾನೇ."

ಅಜ್ಜಿಯ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅಜ್ಜ ಒಬ್ಬೊಬ್ಬರ ತುಟಿಯನ್ನೂ ನೋಡುತ್ತಿದ್ದವನು, ಏನಂತೆ ಎಂದು ಅಜ್ಜಿಯತ್ತ ಬೆರಳು ತಿರುಗಿಸಿದ. ಅಜ್ಜಿ ಅಭ್ಯಾಸಬಲದಿಂದ ಕೈಯೆತ್ತಿದಳು.

"ನೋಡು, ನೋಡು! ಮತ್ತೆ ಶುರು!" ಮಗಳ ಕಣ್ಣಲ್ಲಿ ನೀರೇ ಬಂತು. "ನಾನು ಚಿಕ್ಕವಳಿದ್ದಾಗಲೂ ಹೀಗೇ. ನನ್ನ ತಲೆ ಮೇಲಿಂದ ಇಬ್ರೂ ಕೈಯಾಡಿಸ್ಕೊಂಡು ಮಾತಾಡೋರು. ಏನಮ್ಮ ಅಂದ್ರೆ, ಏನಿಲ್ಲ ಹೋಗು ಆಟ ಆಡ್ಕೋ. ಇಡೀ ದಿನ ಪಕ್ಕದ ಮನೆಯವರ ಹತ್ರ ಬಿಟ್ಟು ಹೋಗ್ತಿದ್ರಿ, ಬಂದ್ಮೇಲೂ ನನ್ನ ಮನೇಲಿ ನಂಗೆ ಅರ್ಥ ಆಗದ ಮಾತು. ಈಗ ನನ್ನ ಮಗಳಿಗೂ ಅದು ಬರುತ್ತೆ. ನಂಗೊಬ್ಬಳಿಗೇ ಬರಲ್ಲ."

ಗುಬ್ಬಿ ಅಮ್ಮನ ಕೆನ್ನೆಯ ಮೇಲಿನ ನೀರನ್ನೇ ನೋಡುತ್ತಿತ್ತು. ಕೊನೆಗೆ ಅಜ್ಜಿ ಹೇಳಿದಳು: "ಈ ಟರ್ಮ್ ಮುಗಿಯೋವರೆಗೆ ನನ್ನ ಹತ್ರ ಬಿಡು. ಕೈ ಕಟ್ಕೊಂಡಿರ್ತೀನಿ. ದಿನಾ ಕಥೆ ಓದ್ತೀನಿ. ಆಮೇಲೂ ಮಾತು ಬರದಿದ್ರೆ ಎಲ್ಲಿಗೆ ಬೇಕಾದ್ರೂ ಹಾಕು."

"ನೀನು ಓದ್ತೀಯಾ? ಕರೆಂಟ್ ಬಿಲ್ ಓದೋ ಹೊತ್ತಿಗೆ ನಿನ್ನ ಚಹಾ ಆರಿ ತಣ್ಣಗಾಗಿರುತ್ತೆ."

"ಆರಿದ್ದನ್ನೇ ಕುಡಿತೀನಿ ಬಿಡೇ," ಎಂದಳು ಅಜ್ಜಿ.

ಅವಳು ಓದು ಕಲಿತದ್ದು ತಲೆ ನರೆಯಲು ಶುರುವಾದ ಮೇಲೆ, ಪಾಳಿ ಮುಗಿಸಿ ಶೆಡ್ಡಿನ ಹಿಂದಿನ ಕೋಣೆಯಲ್ಲಿ ನಡೆಯುತ್ತಿದ್ದ ವಯಸ್ಕರ ಪಾಠದಲ್ಲಿ. ಅಕ್ಷರಕ್ಕೆ ಬೆರಳಿಟ್ಟು ಹೋಗಬೇಕು, ಬೆರಳು ತಪ್ಪಿದರೆ ಸಾಲೂ ತಪ್ಪುತ್ತಿತ್ತು.

ಮಾರನೆಯ ಮಧ್ಯಾಹ್ನ ಅಡುಗೆಮನೆಯ ನೆಲದ ಮೇಲೆ ಚಾಪೆ ಹಾಸಿ ಅವಳು ಪುಸ್ತಕ ಬಿಡಿಸಿದಳು. ಕರಡಿಯೊಂದು ದೊಡ್ಡ ಕನ್ನಡಿಯನ್ನು ಬೆನ್ನ ಮೇಲೆ ಹೊತ್ತು, ಮರದ ಸೇತುವೆ ದಾಟಿ ಮನೆಗೆ ಒಯ್ಯುವ ಕಥೆ. ಒಂದು ಬೆರಳು ಸಾಲಿನ ಮೇಲೆ ತೆವಳುತ್ತಿತ್ತು. ಇನ್ನೊಂದು ಕೈ ಅವಳಿಗೇ ಗೊತ್ತಿಲ್ಲದೆ ಎದ್ದು ಕರಡಿಯಾಗುತ್ತಿತ್ತು, ಸೇತುವೆಯಾಗುತ್ತಿತ್ತು. ಗುಬ್ಬಿ ಪುಸ್ತಕವನ್ನೂ ನೋಡಲಿಲ್ಲ, ದನಿಯನ್ನೂ ಕೇಳಲಿಲ್ಲ. ಕೈಯನ್ನೇ ನೋಡಿತು. ಕಥೆಯೆಲ್ಲ ಅದಕ್ಕೆ ಅರ್ಥವಾಯಿತು, ಒಂದು ಪದವೂ ಕಿವಿಗೆ ಬೀಳಲಿಲ್ಲ.

ಅಜ್ಜಿ ಆ ಕೈಯನ್ನು ಮೊಣಕಾಲ ಕೆಳಗೆ ಸಿಕ್ಕಿಸಿಕೊಂಡು ಕೂತಳು. ಆಗ ಕಥೆ ಪಾಠವಾಯಿತು. ಒಂದೇ ರಾಗ, ಒಂದೇ ಏರು. ಗುಬ್ಬಿ ಎದ್ದು ಬೆಕ್ಕಿನ ಹಿಂದೆ ಹೋಯಿತು.

ಸಂಜೆ ಮಗಳು ತಾನೇ ಓದುತ್ತೇನೆಂದು ಕೂತಳು. ಅವಳದು ಸರಸರ ಓದು. ಪುಟಕ್ಕೊಂದು ಪ್ರಶ್ನೆ. "ಇದೇನು ಹೇಳು? ಕರಡಿ. ಹೇಳು, ಕರಡಿ. ಇದೇನು? ಹೇಳಮ್ಮ, ಹೇಳು." ಗುಬ್ಬಿಯ ತುಟಿ ಹೊಲಿದಂತೆ ಮುಚ್ಚಿತು. ಅಮ್ಮ ಪುಸ್ತಕ ಮುಚ್ಚಿದಾಗ ಮಾತ್ರ "ಬೇಡ" ಎಂದಿತು.

"ನಿನ್ನ ಲ್ಯಾಬಲ್ಲಿ ರಕ್ತ ತೆಗೆದ ಹಾಗೆ ಮಾತು ತೆಗೀತಿದೀಯಲ್ಲೇ," ಎಂದ ಅಳಿಯ.

"ನೀವು ಸುಮ್ನಿರ್ರೀ. ನಿಮ್ಮ ನಿದ್ದೆಯಿಂದಲೇ ಅರ್ಧ ಆಗಿದ್ದು ಇದು."

ಅವನಿಗೆ ಅದು ನಾಟಿತು. ಮರುದಿನದಿಂದ ಮಂಚ ಬಿಟ್ಟು ಮಹಡಿಯ ಮೇಲಿನ ತಗಡಿನ ಕೋಣೆಯಲ್ಲಿ, ಹಳೇ ಸೈಕಲ್ಲಿನ ಪಕ್ಕ ಮಲಗತೊಡಗಿದ. "ಒಲೆ ಮುಂದೆ ನಿಂತವನಿಗೆ ಈ ತಗಡಿನ ಬಿಸಿ ಯಾವ ಲೆಕ್ಕ ಅತ್ತೆ," ಎಂದು ದಿಂಬು ಕಂಕುಳಲ್ಲಿಟ್ಟುಕೊಂಡು ಹತ್ತಿದ. ಕೆಳಗೆ ಸದ್ದು ಮಾಡಲು ಈಗ ಯಾರ ಅಡ್ಡಿಯೂ ಇರಲಿಲ್ಲ. ಸದ್ದು ಮಾಡುವವರು ಬೇಕಿತ್ತು.

ಮಗುವನ್ನು ಕರೆತರಲು ಹೋದಾಗ ಅಜ್ಜಿ ಮಿಸ್ಸನ್ನು ಬಾಗಿಲಲ್ಲಿ ಹಿಡಿದಳು. "ನಂಗೆ ಓದೋಕೆ ಬರುತ್ತೆ ತಾಯಿ. ಕಥೆ ಹೇಳೋಕೆ ಬರಲ್ಲ."

"ಪರೀಕ್ಷೆ ಮಾಡ್ಬೇಡಿ ಅಜ್ಜಿ. ಅದೇ ಪುಸ್ತಕ ಎಷ್ಟು ಸಲ ಬೇಕಾದ್ರೂ ಓದಿ. ಮಧ್ಯೆ ನಿಲ್ಲಿಸಿ, ಕಾಯಿರಿ. ಒಂದು ಹೊಸ ಮಾತು ಬಂದ್ರೆ ಅದನ್ನ ಮನೆಯೊಳಗೆ ಕರ್ಕೊಂಡು ಬನ್ನಿ. ತಿಂಡಿ ತಿನ್ನೋವಾಗ, ಬಟ್ಟೆ ಒಣಗಿಸೋವಾಗ ಮತ್ತೆ ಮತ್ತೆ ಆಡಿ."

ಕಾಯುವುದು ಅಜ್ಜಿಗೆ ಗೊತ್ತಿದ್ದ ಕೆಲಸ. ಮಗ್ಗದ ಮುಂದೆ ನಿಂತವರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ.

ಹೊಸ ಮಾತುಗಳದೇ ತೊಂದರೆ. ಆ ಮನೆಯಲ್ಲಿ ಆಡುತ್ತಿದ್ದ ಮಾತೆಂದರೆ ಬಾ, ಹೋಗು, ತಿನ್ನು, ಸಾಕು, ಬಾಗಿಲು ಹಾಕು. ಪುಸ್ತಕದಲ್ಲಿ ಬೇರೆಯೇ ಇದ್ದವು. 'ಕರಡಿ ಸೇತುವೆಯ ಮೇಲೆ ಹೆಜ್ಜೆಯಿಟ್ಟಿತು. ಹಲಗೆ ಕಿರುಗುಟ್ಟಿತು. ಕರಡಿ ಹಿಂಜರಿಯಿತು.' ಹಿಂಜರಿಯಿತು ಎಂದು ಆ ಅಡುಗೆಮನೆಯಲ್ಲಿ ಯಾರೂ ಯಾವತ್ತೂ ಅಂದಿರಲಿಲ್ಲ. ಅಜ್ಜಿ ಪುಸ್ತಕ ಕೆಳಗಿಟ್ಟು ಎದ್ದಳು. ಬಚ್ಚಲ ಒದ್ದೆ ನೆಲದ ಹತ್ತಿರ ಹೋಗಿ ಒಂದು ಕಾಲು ಮುಂದಿಟ್ಟಳು, ಹಿಂದೆ ತೆಗೆದಳು, ಮತ್ತೆ ಇಟ್ಟಳು. "ಅಜ್ಜಿ ಹಿಂಜರೀತಿದಾಳೆ," ಎಂದಳು ಗಟ್ಟಿಯಾಗಿ. ಬಾಗಿಲ ಕೀಲು ಕೂಗಿದರೆ "ಕಿರುಗುಟ್ತಿದೆ" ಎಂದಳು. ತೊಳೆದ ಸ್ಟೀಲ್ ತಟ್ಟೆಯನ್ನು ಗುಬ್ಬಿಯ ಮುಖಕ್ಕೆ ಹಿಡಿದು "ಇಗೋ, ನಿನ್ನ ಪ್ರತಿಬಿಂಬ" ಎಂದಳು. ಗುಬ್ಬಿ ಹಾಲಿಗೆ ಕೈ ತೋರಿಸಿದರೆ ಮುಂಚಿನಂತೆ ಎದ್ದು ಓಡಲಿಲ್ಲ. ಸುಮ್ಮನೆ ಮಗುವಿನ ಮುಖ ನೋಡುತ್ತ ಕೂತಳು. ಗುಬ್ಬಿಗೆ ಸಿಟ್ಟು ಬಂತು, ಕಾಲು ಬಡಿಯಿತು, ಕೊನೆಗೆ "ಹಾಲು" ಎಂದಿತು. ಮಗುವಿಗೆ ಗೊತ್ತಿದ್ದ ಭಾಷೆ ತನಗೆ ಬಾರದೆಂಬಂತೆ ನಟಿಸುವುದು ಅಜ್ಜಿಗೆ ಸುಲಭವಾಗಿರಲಿಲ್ಲ.

ಎಲ್ಲರಿಗಿಂತ ಕಷ್ಟ ಅಜ್ಜನಿಗೆ. ಕೈ ನಿಂತ ಮೇಲೆ ಅವನಿಗೆ ಮನೆಯೇ ನಿಂತಿತು. ಅಜ್ಜಿ ಕಿವಿಯ ಹತ್ತಿರ ಬಂದು ಕೂಗುತ್ತಿದ್ದಳು. ಬೀದಿಯವರು, ಈ ವಯಸ್ಸಲ್ಲಿ ಮುದುಕ ಮುದುಕಿ ಇಷ್ಟು ಜಗಳ ಆಡ್ತಾರಲ್ಲ ಎಂದು ಕಿಟಕಿಯಲ್ಲಿ ಇಣುಕಿದರು.

"ಆ ಕಿವಿ ಮಿಷನ್ ಹಾಕ್ಕೋ ಅಪ್ಪ," ಎಂದಳು ಮಗಳು.

"ಅದ್ರಲ್ಲಿ ಮಾತು ಕೇಳಲ್ಲ. ಮಗ್ಗ ಓಡಿದ ಹಾಗೆ ಗರಗರ ಅನ್ನುತ್ತೆ. ಸಂಬಳ ಇಲ್ದೆ ಮತ್ತೆ ಕೆಲಸಕ್ಕೆ ಹೋದಂಗಾಗುತ್ತೆ."

ಒಂದು ರಜೆಯ ದಿನ ಮಗಳು ಬಟ್ಟೆ ತೆಗೆಯಲು ಮಹಡಿಗೆ ಹೋದರೆ, ಒಣಗಿದ ಹೊದಿಕೆಗಳ ಹಿಂದೆ ಅಜ್ಜ ಮೊಮ್ಮಗಳು ಕೂತಿದ್ದರು. ನಾಲ್ಕು ಕೈಗಳೂ ಗಾಳಿಯಲ್ಲಿ ಹಾರಾಡುತ್ತಿದ್ದವು. ಅಜ್ಜ ಬಾಯಿ ಬಿಟ್ಟು ನಗುತ್ತಿದ್ದ.

"ಅಪ್ಪ! ನೀನೂನಾ?"

ಅಜ್ಜ ಕದ್ದು ಸಿಕ್ಕಿಬಿದ್ದವನಂತೆ ಕೈಗಳನ್ನು ತೊಡೆಯ ಕೆಳಗೆ ಸೇರಿಸಿದ. ಆಮೇಲೆ ಹೊರತೆಗೆದ. "ಬಾಯಲ್ಲಿ ಅಂದ್ರೆ ನಂಗೆ ಕೇಳಲ್ಲ. ಕೈಯಲ್ಲಿ ಅಂದ್ರೆ ನಿಂಗಾಗಲ್ಲ. ನಾನು ಈ ಮನೇಲಿ ಕಂಬ ಆಗ್ಲಾ?"

ಮಗಳು ಹೊದಿಕೆಗಳನ್ನು ಎದೆಗವಚಿಕೊಂಡು ಇಳಿದು ಬಂದಳು. ಅಂದು ಅವಳು ಯಾರ ಮೇಲೂ ಕೂಗಾಡಲಿಲ್ಲ. ಅದರಿಂದಲೇ ಅಜ್ಜಿಗೆ ಹೆಚ್ಚು ಭಯವಾಯಿತು. ಡೇ ಕೇರ್‌ನಿಂದ ಮಗಳು ತಂದು ಅಂಟಿಸಿದ್ದ ಅರ್ಜಿಯ ಬಣ್ಣದ ಕಾಗದ ಫ್ರಿಜ್ಜಿನ ಮೇಲೆ ಹಾಗೇ ಇತ್ತು.

ಹೀಗೆ ವಾರಗಳು ಉರುಳಿದವು. ಕರಡಿ ಅದೆಷ್ಟು ಸಲ ಸೇತುವೆ ದಾಟಿತೋ. ಪುಸ್ತಕದ ಮೂಲೆಗಳು ಎಣ್ಣೆ, ಹಾಲು, ಬಾಳೆಹಣ್ಣಿನ ಜಿಗುಟು ಹಿಡಿದು ಮೆತ್ತಗಾದವು. ಅಜ್ಜಿಯ ಬೆರಳು ಈಗ ಸಾಲಿಗಿಂತ ಮುಂದೆ ಓಡುತ್ತಿತ್ತು. ಹಲಗೆಯ ಹತ್ತಿರ ಬಂದಾಗ ಅವಳು ನಿಲ್ಲುತ್ತಿದ್ದಳು, ಕಾಯುತ್ತಿದ್ದಳು. ಗುಬ್ಬಿ ಉಸಿರು ಬಿಗಿಹಿಡಿಯುತ್ತಿತ್ತು. ತುಟಿ ಅಲ್ಲಾಡುತ್ತಿತ್ತು. ಮಾತು ಬರುತ್ತಿರಲಿಲ್ಲ.

ಒಂದು ಸಂಜೆ ಎಲ್ಲರೂ ತಿನ್ನಲು ಕೂತಿದ್ದರು. ಅಳಿಯ ಬೇಕರಿಯಿಂದ ಕೇಕಿನ ಮುರುಕುಗಳನ್ನು ತಂದಿದ್ದ. ತಟ್ಟೆಯಲ್ಲಿ ಒಂದೇ ಒಂದು ತುಂಡು ಉಳಿದಿತ್ತು. ಅವನ ಕೈ ಅದರತ್ತ ಹೋಯಿತು, ಹೆಂಡತಿಯ ಮುಖ ನೋಡಿ ಹಿಂದೆ ಬಂತು, ಮತ್ತೆ ಹೋಯಿತು.

"ಅಪ್ಪ ಹಿಂಜರೀತಿದಾನೆ," ಎಂದಿತು ಗುಬ್ಬಿ.

ಚಮಚಗಳು ನಿಂತವು. ಅಜ್ಜನೊಬ್ಬನೇ ಅಗಿಯುತ್ತಿದ್ದ.

"ಏನಂದೆ?" ಮಗಳು ಪಿಸುಗುಟ್ಟಿದಳು. "ಇನ್ನೊಂದು ಸಲ..." ಅಜ್ಜಿ ಅವಳ ತೊಡೆ ಚಿವುಟಿದಳು. ಪರೀಕ್ಷೆ ಬೇಡ.

ಅಳಿಯ ಮೆಲ್ಲಗೆ ಕೇಳಿದ: "ಯಾಕೆ ಹಿಂಜರೀತಿದಾನೆ ಅಪ್ಪ?"

"ಅಮ್ಮ ಬೈತಾಳೆ. ಕರಡಿಗೂ ಭಯ. ಹಲಗೆ ಕಿರುಗುಟ್ಟುತ್ತೆ. ಆ ಕೇಕು ನಂದು."

ಕೇಕು ಅವಳದೇ ಆಯಿತು. ಅಳಿಯ ಎದ್ದು ಮುಖ ತೊಳೆಯಲು ಹೋದವನು ಬಹಳ ಹೊತ್ತು ಬರಲಿಲ್ಲ. ಏನಾಯಿತೆಂದು ಅಜ್ಜ ಕಣ್ಣು ಪಿಳಿಪಿಳಿ ಬಿಡುತ್ತಿದ್ದ. ಅಜ್ಜಿ ಮಗಳ ಮುಖ ನೋಡಿದಳು. ಮಗಳು, "ಹೇಳು ಪರವಾಗಿಲ್ಲ, ಕೈಯಲ್ಲೇ ಹೇಳು," ಎಂದಳು. ಅಜ್ಜಿ ಹೇಳಿದಳು. ಅಜ್ಜ ಮೇಜು ಕುಟ್ಟಿ ಕುಟ್ಟಿ ನಕ್ಕ.

ಅಲ್ಲಿಂದ ಕಟ್ಟೆ ಒಡೆದಂತಾಯಿತು. ಅಜ್ಜಿ ಒಂದು ಸಾಲು ಹಾರಿಸಿದರೆ "ಹಾಗಲ್ಲ, ತಪ್ಪು ಓದ್ದೆ" ಎಂದು ಗುಬ್ಬಿಯಿಂದ ಗದರಿಸಿಕೊಳ್ಳುವುದು ಶುರುವಾಯಿತು. ಎರಡನೆಯ ಪುಸ್ತಕ ಬಂತು, ಮೂರನೆಯದು ಬಂತು. ಬೆಕ್ಕಿಗೆ "ನೀನು ದುರಾಸೆಯವಳು" ಎಂದು ಬೈಗುಳ ಬಿತ್ತು. ಬೆಳಿಗ್ಗೆ ಹಲ್ಲುಜ್ಜುವಾಗ, "ನಂಗೆ ವಿಪರೀತ ಆಯಾಸ ಆಗಿದೆ" ಎಂಬ ದೂರು ಬಂತು.

ಒಂದು ಭಾನುವಾರ ಅಜ್ಜಿ ಓದುತ್ತಿದ್ದಾಗ ಬಾಗಿಲ ಆಚೆ ಚಾಕುವಿನ ಸದ್ದು ನಿಂತಿತ್ತು. ಕತ್ತು ಚಾಚಿ ನೋಡಿದರೆ ಮಗಳು ಅರ್ಧ ಹೆಚ್ಚಿದ ಈರುಳ್ಳಿಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೊರಗಿ ಕೂತಿದ್ದಳು.

"ಮುಂದೆ ಓದಮ್ಮ. ಯಾಕೆ ನಿಲ್ಲಿಸ್ದೆ?"

"ನೀನೂ ಕೇಳ್ತಿದ್ಯಾ?"

"ನಂಗ್ಯಾಕೆ ಹೀಗೆ ಓದಿ ಹೇಳ್ಲಿಲ್ಲ ನೀನು?"

"ಆಗ ನಂಗೆ ಓದೋಕೆ ಬರ್ತಿರ್ಲಿಲ್ಲ ಕಣೇ."

ಮಗಳು ಕಣ್ಣೊರೆಸಿಕೊಂಡಳು. ಈರುಳ್ಳಿಯ ಕೈ, ಇನ್ನಷ್ಟು ಉರಿಯಿತು. ಆಮೇಲೆ ಈರುಳ್ಳಿ ಕೆಳಗಿಟ್ಟು, "ಅಪ್ಪಂಗೆ 'ಊಟ ಆಯ್ತಾ' ಅನ್ನೋದು ಹೇಗೆ? ತೋರ್ಸು" ಎಂದಳು. ಅಜ್ಜಿ ತೋರಿಸಿದಳು. ಮಗಳು ಹೋಗಿ ಅಜ್ಜನ ಮುಂದೆ ನಿಂತು ಕೈಯಾಡಿಸಿದಳು, ಬೆರಳು ಚೂರು ಮೇಲಕ್ಕೆ, ಮೂಗಿನ ಕೆಳಗೆ ಸರಿಯಿತು. ಅಜ್ಜ ಗಾಬರಿಯಿಂದ ಎದ್ದು ನಿಂತ. "ಎಲ್ಲಿ? ಯಾವ ಮೇಸ್ತ್ರಿ?" ಎಂದ.

ಟರ್ಮ್ ಮುಗಿದ ದಿನ ಮಿಸ್ಸು, ಗುಬ್ಬಿ ಮೇಲಿನ ಕ್ಲಾಸಿಗೆ ಹೋಗಬಹುದು ಎಂದಳು. "ಈಗ ಇವಳೂ ನನ್ನ ತಲೆ ತಿನ್ನೋಕೆ ಶುರು ಮಾಡಿದಾಳೆ ಅಜ್ಜಿ. ನಿನ್ನೆ ನಂಗೇ, ಅವಸರ ಮಾಡ್ಬೇಡಿ ಮಿಸ್, ಸಮಾಧಾನ ಇರ್ಲಿ ಅಂದ್ಳು." ಮನೆಗೆ ಬಂದ ಮೇಲೆ ಮಗಳು ಏನೂ ಹೇಳದೆ ಫ್ರಿಜ್ಜಿನ ಮೇಲಿನ ಬಣ್ಣದ ಕಾಗದವನ್ನು ಕಿತ್ತು, ಮಡಚಿ, ಕಸದ ಬುಟ್ಟಿಗೆ ಹಾಕಿದಳು. ಅಜ್ಜಿ ಆ ಕಡೆ ನೋಡದವಳಂತೆ ಬೇಳೆ ತೊಳೆಯುತ್ತಿದ್ದಳು. ತೊಳೆದ ಬೇಳೆಯನ್ನೇ ಮತ್ತೆ ತೊಳೆದಳು.

ರಜೆ ಬಂದು ಹೋಯಿತು, ಮೇಲಿನ ಕ್ಲಾಸೂ ಮುಗಿದು ಮತ್ತೆ ರಜೆ ಬಂತು. ಗುಬ್ಬಿಗೆ ಬೀದಿಯಲ್ಲಿ ಗೆಳತಿಯರಾದರು. ಮಧ್ಯಾಹ್ನ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ, ಅಜ್ಜನ ಮುಂದೆ ಕೂತು ಕೈಯಾಡಿಸಲೂ ಪುರುಸೊತ್ತಿರಲಿಲ್ಲ. ಅಂಥದೊಂದು ಮಧ್ಯಾಹ್ನ ಅಜ್ಜಿ ಮಹಡಿಯ ಮೇಲೆ ಬಟ್ಟೆ ಹರವಿ, ಊಟಕ್ಕೆ ಕರೆಯಲು ಮೋಟುಗೋಡೆಯ ಹತ್ತಿರ ಬಂದಳು. ಕೆಳಗೆ ಮಕ್ಕಳ ಗಲಾಟೆ, ಸೈಕಲ್ ಗಂಟೆ, ಯಾರದೋ ಮನೆಯ ಡ್ರಿಲ್ಲಿನ ಸದ್ದು, ಎಲ್ಲ ಸೇರಿ ಶೆಡ್ಡಿನ ಹಾಗೇ ಇತ್ತು. ಅಜ್ಜಿಯ ಕೈ ತಾನಾಗಿಯೇ ಎದ್ದಿತು. ಬಾ, ಬಿಸಿ ಇದೆ, ತಿನ್ನೋಣ.

ಗುಬ್ಬಿ ತಲೆಯೆತ್ತಿ ನೋಡಿದಳು. ಕಣ್ಣಿಗೆ ಬಿಸಿಲು ಬಡಿಯದಂತೆ ಅಂಗೈ ಅಡ್ಡ ಹಿಡಿದು ಇನ್ನೊಮ್ಮೆ ನೋಡಿದಳು. ಅಜ್ಜಿ ಮತ್ತೆ ಕೈಯಾಡಿಸಿದಳು, ನಿಧಾನವಾಗಿ, ಒಂದೊಂದಾಗಿ.

"ಏನಜ್ಜೀ? ಏನದು? ಬಾಯಲ್ಲಿ ಹೇಳು!"

ಅಜ್ಜಿಯ ಕೈ ಗಾಳಿಯಲ್ಲೇ ಉಳಿಯಿತು. ಆ ಕೈಮಾತನ್ನು ಎಷ್ಟು ಜನ ಆಡುತ್ತಿದ್ದರು, ಅವರಲ್ಲಿ ಎಷ್ಟು ಮಂದಿ ಹೋದರು, ಈಗ ಯಾರಿಗೆ ಬರುತ್ತದೆ. ಕೆಳಗೆ ನಿಂತಿದ್ದ ಹುಡುಗಿಯ ಮುಖದಲ್ಲಿ ತಿಳಿಯದ ಕುತೂಹಲ ಬಿಟ್ಟರೆ ಇನ್ನೇನೂ ಇರಲಿಲ್ಲ. ಅಜ್ಜಿ ಎರಡೂ ಕೈಗಳನ್ನು ಮೋಟುಗೋಡೆಯ ಮೇಲೂರಿ, ಮಗ್ಗದ ಸದ್ದಿಗೂ ಎತ್ತದ ದನಿಯನ್ನು ಎತ್ತಿ ಕೂಗಿದಳು.

"ಊಟಕ್ಕೆ ಬಾರೇ!"

ಅರ್ಧ ಬೀದಿ ಮೇಲೆ ನೋಡಿತು. ಗುಬ್ಬಿ ಸೊಂಟಕ್ಕೆ ಕೈಯಿಟ್ಟುಕೊಂಡಳು. "ಈಗ ಬರೋಕಾಗಲ್ಲ ಅಜ್ಜಿ, ಯಾಕಂದ್ರೆ ನಾವೆಲ್ಲ ಸೇರಿ ಇಲ್ಲಿ ಒಂದು ಸೇತುವೆ ಕಟ್ತಿದೀವಿ, ಇವಳು ಕಲ್ಲು ತರೋಕೆ ಹೋಗಿದಾಳೆ, ಆಮೇಲೆ ಮಳೆ ಬಂದು ಪ್ರವಾಹ ಬಂದ್ರೆ ಇರುವೆಗಳೆಲ್ಲ ಆ ದಡಕ್ಕೆ ಹೇಗೆ ಹೋಗ್ತಾವೆ ಹೇಳು, ಅದಕ್ಕೇ..."

ಡ್ರಿಲ್ಲಿನ ಸದ್ದಿನಲ್ಲಿ ಅಜ್ಜಿಗೆ ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. ಕೆಳಗೆ ಊಟ ಆರುತ್ತಿತ್ತು. ಆ ಮಾತೆಲ್ಲ ಮುಗಿಯುವವರೆಗೂ ಅವಳು ಬಿಸಿಲಿನಲ್ಲಿ ಹಾಗೇ ನಿಂತು ಕೇಳಿಸಿಕೊಂಡಳು.